ಪಿಕಪ್‌ನ ಬೆನ್ನು ಇಳಿಸಬೇಕೇ? ಮೊದಲು ಪಾಟಾ ಎಣಿಸಿ

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟರೆ ದಾರಿಯಲ್ಲಿ ಸಾರವಾಡ ಸಿಗುತ್ತದೆ. ಡೋಣಿ ನದಿಯ ಸೀಮೆ, ಕಪ್ಪು ಎರೆಮಣ್ಣು. ಅಲ್ಲಿಂದ ತಿಕೋಟಾದವರೆಗೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಶೆಡ್‌ಗಳು. ದ್ರಾಕ್ಷಿ ಸೀಸನ್ ಮುಗಿದ ಮೇಲೆ ಆ ಕಡೆಯ ರೈತರು ಕೆಲವರು ಹಳೆಯ ಪಿಕಪ್ ಮಾರಿ ಹೊಸದು ತೆಗೆಯುತ್ತಾರೆ. ಅಂಥ ಒಂದು ಗಾಡಿಯನ್ನು ನಮ್ಮ ಪರಿಚಯದ ಹುಡುಗನೊಬ್ಬ ಸಾರವಾಡದಲ್ಲಿ ನೋಡಿ, ಮಾತಾಡಿ, ಮಂಗಳೂರಿಗೆ ತಂದ. ಇಂಜಿನ್ ಚೆನ್ನಾಗಿದೆ, ಬಾಡಿ ಗಟ್ಟಿ, ರೇಟೂ ಸರಿ. ಆದರೆ ಖಾಲಿ ನಿಂತಾಗ ಹಿಂಭಾಗ ಎತ್ತರಕ್ಕೆ ಎದ್ದು ನಿಲ್ಲುತ್ತದೆ, ಮುಖ ನೆಲ ನೋಡುತ್ತದೆ. ಹೊಂಡಕ್ಕೆ ಬಿದ್ದರೆ ಸೊಂಟ ಮುರಿಯುವಂಥ ಕುಲುಕು.

'ಕಾಕ, ಹಿಂದೆ ಸ್ವಲ್ಪ ಇಳಿಸ್ಬೇಕಲ್ಲ. ಜಾಸ್ತಿ ಖರ್ಚಿಲ್ಲದೆ ಎಂತ ಮಾಡ್ಬಹುದು?' ಎಂಬುದು ಅವನ ಪ್ರಶ್ನೆ.

ಈ ಪ್ರಶ್ನೆ ಅವನೊಬ್ಬನದಲ್ಲ. ಮೀನು, ಹಣ್ಣು, ತರಕಾರಿ, ಗುಜರಿ ಅಂತ ನಮ್ಮಲ್ಲಿ ಎಷ್ಟು ಮನೆಗಳ ಒಲೆ ಉರಿಯುವುದು ಪಿಕಪ್‌ನಿಂದ ಎಂದು ಬೇರೆ ಹೇಳಬೇಕಾಗಿಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲಂತೂ ಸಣ್ಣ ಬಂಡವಾಳದವನೂ ಗಾಡಿಯ ಯಜಮಾನನಾದ. ಗಾಡಿ ಇಳಿಸಬೇಕು ಎನ್ನುವವರಲ್ಲಿ ಶೋಕಿಯವರು ಕೆಲವರು ಇದ್ದಾರೆ, ಇಲ್ಲವೆಂದಲ್ಲ. ಆದರೆ ಬೆಳಗಿನ ಜಾವ ಧಕ್ಕೆಯಲ್ಲಿ ಐಸ್ ತುಂಬಿದ ಮೀನಿನ ಪೆಟ್ಟಿಗೆ ಎತ್ತಿ ಎತ್ತಿ ಹಾಕುವವನಿಗೆ ಎರಡು ಇಂಚು ಕಡಿಮೆ ಎತ್ತರ ಅಂದರೆ ಭುಜಕ್ಕೆ ಸಿಗುವ ವಿಶ್ರಾಂತಿ. ಅದನ್ನು ಶೋಕಿ ಅನ್ನಲಾಗದು.

ಹಾಗಾದರೆ ಆ ಗಾಡಿ ಅಷ್ಟು ಎತ್ತರ ಯಾಕೆ ನಿಂತಿತ್ತು? ಉತ್ತರ ಸಾರವಾಡದಲ್ಲೇ ಇದೆ. ಹಸಿ ದ್ರಾಕ್ಷಿ ಒಣಗಿ ಒಣದ್ರಾಕ್ಷಿ ಆಗುವಾಗ ಸುಮಾರು ನಾಲ್ಕು ಕಿಲೋ ಒಂದು ಕಿಲೋಗೆ ಇಳಿಯುತ್ತದೆ. ಅಂದರೆ ತೋಟದಿಂದ ಶೆಡ್‌ಗೆ ಹೋಗುವ ಆ ಚಿಕ್ಕ ದಾರಿಯಲ್ಲೇ ಗಾಡಿಯ ಮೇಲೆ ಅತಿ ಹೆಚ್ಚು ಭಾರ. ದಾರಿಯೂ ಎಂಥದು? ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆ ಅಲೆ ಅಲೆಯಾಗಿ ಏಳುತ್ತದೆ. ಹಾಗಾಗಿ ಅಲ್ಲಿಯವರು ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಒಂದೋ ಎರಡೋ ಪ್ಲೇಟ್ ಹೆಚ್ಚುವರಿ ಹಾಕಿಸುತ್ತಾರೆ. ನಾವು ಪ್ಲೇಟ್ ಅನ್ನುವುದನ್ನು ಅವರು ಪಾಟಾ ಅನ್ನುತ್ತಾರೆ. ಮಾರಿದ ರೈತ ಅದನ್ನು ಮುಚ್ಚಿಟ್ಟಿರಲೂ ಇಲ್ಲ: 'ಸಾಹೇಬ್ರ, ಹಿಂದ ಒಂದ್ ಪಾಟಾ ಹೆಚ್ಚಿಗಿ ಹಾಕ್ಸೀನ್ರಿ, ಸುಗ್ಗ್ಯಾಗ ಬೇಕಾಗ್ತೈತಿ' ಅಂದಿದ್ದರಂತೆ. ನಮ್ಮ ಹುಡುಗ ಅದನ್ನು ಗಾಡಿಯ ಗುಣ ಎಂದುಕೊಂಡು ಖುಷಿಪಟ್ಟಿದ್ದ.

ಆದ್ದರಿಂದ ಇಳಿಸುವ ಮಾತಿಗೆ ಮೊದಲು ಎಣಿಸುವ ಕೆಲಸ. ಗಾಡಿಯ ಅಡಿಗೆ ಹೋಗಿ ಎರಡೂ ಬದಿಯ ಪ್ಲೇಟ್ ಎಣಿಸಿ. ನಿಮ್ಮ ಮಾಡೆಲ್‌ಗೆ ಕಂಪೆನಿ ಎಷ್ಟು ಪ್ಲೇಟ್ ಕೊಟ್ಟಿದೆ ಎಂದು ಸರ್ವಿಸ್ ಸೆಂಟರ್‌ನಲ್ಲೋ ಬಿಡಿಭಾಗದ ಅಂಗಡಿಯಲ್ಲೋ ಕೇಳಿ. ಹೆಚ್ಚುವರಿ ಪ್ಲೇಟ್ ಸಾಮಾನ್ಯವಾಗಿ ತಾನೇ ಸಾಕ್ಷಿ ಹೇಳುತ್ತದೆ: ದಪ್ಪ ಬೇರೆ, ಬಣ್ಣ ಬೇರೆ, ತುದಿ ಕತ್ತರಿಸಿದ ರೀತಿ ಬೇರೆ, ನಡುವಿನ ಸೆಂಟರ್ ಬೋಲ್ಟ್ ಮಾಮೂಲಿಗಿಂತ ಉದ್ದ. ಕೆಲವು ಗಾಡಿಗಳಲ್ಲಿ ಪ್ಲೇಟ್ ಮತ್ತು ಆಕ್ಸಲ್ ನಡುವೆ ಒಂದು ಕಬ್ಬಿಣದ ಬ್ಲಾಕ್ ಕೂಡ ತುರುಕಿರುತ್ತಾರೆ. ಹಿಂದಿನ ಯಜಮಾನ ಸೇರಿಸಿದ್ದನ್ನು ತೆಗೆದು ಕಂಪೆನಿ ಕೊಟ್ಟ ಲೆಕ್ಕಕ್ಕೆ ತರುವುದು, ಗಾಡಿ ಇಳಿಸುವ ದಾರಿಗಳಲ್ಲೆಲ್ಲ ಅತ್ಯಂತ ಅಗ್ಗದ್ದು. ನನ್ನ ಪ್ರಕಾರ ದುಡಿಯುವ ಗಾಡಿಗೆ ಸರಿಯಾದ ದಾರಿ ಅದೊಂದೇ.

ಯಾಕೆ ಒಂದೇ ಅನ್ನುತ್ತೇನೆಂದರೆ, ಕಂಪೆನಿ ಲೆಕ್ಕಕ್ಕಿಂತಲೂ ಕೆಳಗೆ ಹೋಗಲು ಗ್ಯಾರೇಜುಗಳಲ್ಲಿ ಹೇಳುವ ಉಪಾಯಗಳನ್ನು ಒಂದೊಂದಾಗಿ ನೋಡಿ.

ಮೊದಲನೆಯದು, ಕಂಪೆನಿಯದ್ದೇ ಒಂದು ಪ್ಲೇಟ್ ತೆಗೆಯುವುದು. ಒಂದೇ ದಪ್ಪದ 6 ಪ್ಲೇಟ್‌ಗಳ ಸೆಟ್ ಇದೆ, 1,200 ಕಿಲೋ ಭಾರಕ್ಕೆ ಅದು 9 ಸೆಂಟಿಮೀಟರ್ ಕೂರುತ್ತದೆ ಎಂದು ಇಟ್ಟುಕೊಳ್ಳೋಣ. ಒಂದನ್ನು ತೆಗೆದರೆ ಅದೇ ಭಾರಕ್ಕೆ ಹತ್ತಿರ ಹತ್ತಿರ 11 ಸೆಂಟಿಮೀಟರ್ ಕೂರುತ್ತದೆ. ಖಾಲಿ ಇದ್ದಾಗಲೇ 3 ಸೆಂಟಿಮೀಟರ್ ಇಳಿದಿದ್ದರೆ ಒಟ್ಟು ಲೆಕ್ಕ 14. ಆಕ್ಸಲ್ ಮತ್ತು ಚಾಸಿಸ್ ನಡುವೆ ಇರುವ ರಬ್ಬರ್ ಗಟ್ಟಿಗೆ ಅಷ್ಟು ಜಾಗ ಇಲ್ಲದಿದ್ದರೆ ಗಾಡಿ ಸ್ಪ್ರಿಂಗ್ ಮೇಲೆ ಅಲ್ಲ, ರಬ್ಬರ್ ಮೇಲೆ ಕೂತು ಓಡುತ್ತದೆ. ಪ್ರತಿ ಹೊಂಡದ ಪೆಟ್ಟು ನೇರ ಚಾಸಿಸ್‌ಗೆ. ಉಳಿದ ಪ್ಲೇಟ್‌ಗಳ ಮೇಲೆ ಹೆಚ್ಚಿನ ಹೊರೆ, ಮುಖ್ಯ ಪ್ಲೇಟ್ ಕಣ್ಣಿನ ಹತ್ತಿರ ಬಿರುಕು ಬಿಡುವುದೂ ಹೀಗೆಯೇ. ಮೀನಿನ ಗಾಡಿಯಾದರೆ ಉಪ್ಪುನೀರು ಸೋರಿ ಸೋರಿ ಪ್ಲೇಟ್‌ಗಳ ನಡುವೆ ತುಕ್ಕು ಮೊದಲೇ ತಿಂದಿರುತ್ತದೆ.

ಎರಡನೆಯದು ಗ್ಯಾಸ್ ಹಚ್ಚಿ ಪ್ಲೇಟ್ ಕಾಯಿಸಿ ಬಾಗು ತಗ್ಗಿಸುವುದು. ಇದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಸ್ಪ್ರಿಂಗ್ ಉಕ್ಕನ್ನು ಫ್ಯಾಕ್ಟರಿಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಆ ಸೆಟೆತನ ತಂದಿರುತ್ತಾರೆ. ಬೀದಿ ಬದಿಯಲ್ಲಿ ಕೆಂಪಗೆ ಕಾಯಿಸಿದಾಗ ಆ ಹದ ಹೋಗುತ್ತದೆ. ನಿಧಾನ ಆರಿದರೆ ಮೆತ್ತಗಾಗಿ ಕುಸಿಯುತ್ತದೆ, ನೀರು ಹೊಯ್ದರೆ ಗಾಜಿನ ಹಾಗೆ ಮುರಿಯುತ್ತದೆ. ಬಾಗು ಬದಲಿಸಲೇಬೇಕಿದ್ದರೆ ಪ್ಲೇಟ್ ಕೆಲಸದವರು ಕಾಯಿಸದೆ ಪ್ರೆಸ್‌ನಲ್ಲೋ ಸುತ್ತಿಗೆಯಲ್ಲೋ ತಣ್ಣಗೇ ಮಾಡುತ್ತಾರೆ. ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಸುತ್ತು ಕತ್ತರಿಸುವುದೂ ಇದೇ ಜಾತಿಯ ಕೆಲಸ.

ಮೂರನೆಯದು ಬ್ಲಾಕ್ ಹಾಕುವುದು. ಮೊಬೈಲ್‌ನಲ್ಲಿ ಹೊರದೇಶದ ವಿಡಿಯೋ ನೋಡಿ ನಮ್ಮ ಹುಡುಗರು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಪ್ಲೇಟ್‌ನ ಮೇಲೆ ಆಕ್ಸಲ್ ಕೂತಿರುವ ಗಾಡಿಗಳಲ್ಲಿ ಎರಡರ ನಡುವೆ ಬ್ಲಾಕ್ ಇಟ್ಟರೆ ಗಾಡಿ ಇಳಿಯುತ್ತದೆ, ನಿಜ. ಆದರೆ ನಮ್ಮ ಭಾರದ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಆಕ್ಸಲ್‌ನ ಮೇಲೆ ಪ್ಲೇಟ್ ಕೂತಿರುತ್ತದೆ. ಅಲ್ಲಿ ಅದೇ ಬ್ಲಾಕ್ ಇಟ್ಟರೆ ಗಾಡಿ ಇನ್ನೂ ಏರುತ್ತದೆ ಮಾರಾಯ್ರೆ! ಆಕ್ಸಲ್ಲನ್ನೇ ಎತ್ತಿ ಪ್ಲೇಟ್‌ನ ಮೇಲೆ ತರುವವರೂ ಇದ್ದಾರೆ. ಆಗ ಗಾಡಿ ಒಮ್ಮೆಗೇ ಬಹಳ ಇಳಿಯುತ್ತದೆ, ಆಕ್ಸಲ್ ಚಾಸಿಸ್‌ಗೆ ಬಡಿಯದಿರಲು ಚಾಸಿಸ್ ಕೊರೆಯಬೇಕಾಗುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗುತ್ತದೆ. ಬಾಡಿಗೆಗೆ ಓಡಿಸುವ ಗಾಡಿಯಲ್ಲಿ ಅದರ ಮಾತೇ ಬೇಡ.

ಸಣ್ಣ ಟಯರ್ ಹಾಕುವುದು ಸುಲಭ. ಆದರೆ ಟಯರ್ ಎತ್ತರ ನೋಡಿದರೆ ಸಾಲದು, ಅದು ಎಷ್ಟು ಭಾರ ಹೊರುತ್ತದೆ ಎಂಬ ಅಂಕಿ ಟಯರ್ ಮೇಲೇ ಬರೆದಿರುತ್ತದೆ. ಕಾರಿನ ಟಯರ್ ಪಿಕಪ್‌ಗಲ್ಲ.

ಇನ್ನು ಬ್ರೇಕಿನ ಮಾತು. ಈ ಲೇಖನದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಒಂದು ವಾಲ್ವ್ ಇದೆ, ಅದರಿಂದ ಆಕ್ಸಲ್‌ಗೆ ಒಂದು ಸಣ್ಣ ರಾಡ್. ಬಾಡಿ ಮತ್ತು ಆಕ್ಸಲ್ ನಡುವಿನ ಅಂತರ ನೋಡಿ ಗಾಡಿಯಲ್ಲಿ ಲೋಡ್ ಇದೆಯೋ ಇಲ್ಲವೋ ಎಂದು ಅದು ಅಂದಾಜು ಮಾಡುತ್ತದೆ. ಬಾಡಿ ಕೆಳಗೆ ಕೂತಿದ್ದರೆ 'ಲೋಡ್ ಇದೆ' ಎಂದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಮೇಲಿದ್ದರೆ 'ಖಾಲಿ' ಎಂದು ಕಡಿಮೆ ಮಾಡುತ್ತದೆ. ಅದಕ್ಕೆ ಗೊತ್ತಿರುವುದು ಆ ಅಂತರ ಒಂದೇ.

ಈಗ ಯೋಚಿಸಿ. ಪ್ಲೇಟ್ ತೆಗೆದು ಇಳಿಸಿದ ಖಾಲಿ ಗಾಡಿ ಜುಲೈ ತಿಂಗಳ ಮಳೆಯಲ್ಲಿ ಹೋಗುತ್ತಿದೆ. ವಾಲ್ವ್‌ಗೆ ಅದು ಲೋಡ್ ಗಾಡಿ. ಬ್ರೇಕ್ ತುಳಿದ ಕೂಡಲೇ ಹಿಂದಿನ ಚಕ್ರ ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಹೆಚ್ಚುವರಿ ಪ್ಲೇಟ್ ಹಾಕಿದ ಗಾಡಿಯಲ್ಲಿ ಇದರ ತಿರುಗುಮುರುಗು. ತುಂಬ ಲೋಡ್ ಇದ್ದರೂ ಬಾಡಿ ಕೂರುವುದಿಲ್ಲ, ವಾಲ್ವ್ 'ಖಾಲಿ' ಎಂದುಕೊಳ್ಳುತ್ತದೆ, ಹಿಂದಿನ ಬ್ರೇಕ್ ಅರ್ಧ ಕೆಲಸ ಮಾಡುತ್ತದೆ. ವಿಜಯಪುರದಿಂದ ಕೊಲ್ಹಾರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವಾಗ ಹೊರೆಯೆಲ್ಲ ಮುಂದಿನ ಬ್ರೇಕಿನ ಮೇಲೆ. ಸಾರವಾಡದ ತೋಟದ ದಾರಿಯಲ್ಲಿ ನಿಧಾನ ಓಡಿದ ಗಾಡಿಗೆ ಇದು ಗೊತ್ತಾಗಿರುವುದಿಲ್ಲ, ಘಾಟಿಯಲ್ಲಿ ಗೊತ್ತಾಗುತ್ತದೆ. ಹಾಗಾಗಿ ಪ್ಲೇಟ್ ಮುಟ್ಟಿದ ದಿನವೇ ಆ ರಾಡ್‌ನ ಅಳತೆಯನ್ನು ಕಂಪೆನಿ ಹೇಳಿದ ಹಾಗೆ ಸೆಟ್ ಮಾಡಿಸಲೇಬೇಕು. ಹಿಂದಿನವರು ಅದನ್ನು ತಂತಿಯಲ್ಲಿ ಕಟ್ಟಿಟ್ಟಿದ್ದರೆ, ಅಂಥದ್ದೂ ಇರುತ್ತದೆ, ಮೊದಲು ಅದನ್ನು ಬಿಚ್ಚಿಸಿ ಸರಿಮಾಡಿಸಿ.

ಹೆಡ್‌ಲೈಟ್ ಕೂಡ ಹಾಗೆಯೇ. ಮುಂದಿನ ಹಿಂದಿನ ಚಕ್ರಗಳ ನಡುವೆ 3 ಮೀಟರ್ ಇರುವ ಗಾಡಿಯ ಹಿಂಭಾಗ 5 ಸೆಂಟಿಮೀಟರ್ ಇಳಿದರೆ, 50 ಮೀಟರ್ ದೂರದಲ್ಲಿ ಬೆಳಕು 80 ಸೆಂಟಿಮೀಟರ್‌ಗಿಂತ ಹೆಚ್ಚು ಮೇಲೇರುತ್ತದೆ. ಎದುರಿನ ಬೈಕ್‌ನವನ ಕಣ್ಣಿಗೆ ನೇರ.

ಕಾನೂನು ಏನನ್ನುತ್ತದೆ? ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮತ್ತು ಆರ್‌ಸಿಯಲ್ಲಿ ಇರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಓವರ್‌ಲೋಡ್‌ಗೆ ಬೇರೆ: 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಪಾಟಾ ಹೆಚ್ಚಿಗೆ ಹಾಕಿದರೆ ಆರ್‌ಸಿಯಲ್ಲಿ ಬರೆದ ತೂಕವೇನೂ ಹೆಚ್ಚುವುದಿಲ್ಲ ಎಂಬುದನ್ನು ಸಾರವಾಡದವರಿಗೂ ಹೇಳಬೇಕು, ನಮ್ಮವರಿಗೂ. 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸುವ ಗಾಡಿ ಇದು. ಅಪಘಾತವಾದರೆ ಇನ್ಶೂರೆನ್ಸ್‌ನವರ ಸರ್ವೇಯರ್ ಮೊದಲು ಬಗ್ಗಿ ನೋಡುವುದೂ ಗಾಡಿಯ ಅಡಿಯನ್ನೇ. ಕಂಪೆನಿಯ ಸ್ಥಿತಿಗೆ ಮರಳಿಸಿದ ಗಾಡಿಗೆ ಈ ಯಾವ ಭಯವೂ ಇಲ್ಲ.

ಗಾಡಿ ಇಳಿಸುವ ಹುಚ್ಚು ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಯುವಕರು ಮೊದಮೊದಲು ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟು ಕಾರು ತಗ್ಗಿಸುತ್ತಿದ್ದರು. ರಿಮ್‌ನ ತಳಕ್ಕಿಂತ ಕೆಳಗೆ ಗಾಡಿಯ ಯಾವ ಭಾಗವೂ ಬರಬಾರದು ಎಂದು 1958ರಲ್ಲಿ ಅಲ್ಲಿ ಕಾನೂನು ಬಂತು. ಮರುವರ್ಷವೇ ಒಬ್ಬ ತನ್ನ ಕಾರಿಗೆ ಹೈಡ್ರಾಲಿಕ್ ಪಂಪ್ ಕೂರಿಸಿ, ಪೊಲೀಸರು ಕಂಡರೆ ಏರಿಸುವ, ಹೋದರೆ ಇಳಿಸುವ ವ್ಯವಸ್ಥೆ ಮಾಡಿಕೊಂಡ. ಅದು ಭಾನುವಾರದ ಮೆರವಣಿಗೆಯ ಕಾರು, ಸೋಮವಾರ ಒಂದು ಟನ್ ಹೊರಬೇಕಾದ ಗಾಡಿಯಲ್ಲ.

ನಮ್ಮ ಹುಡುಗನ ಗಾಡಿಗೆ ಮಾಡಿಸಿದ ಕೆಲಸ ಇಷ್ಟೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಬಾಡಿಯ ಅಂಚಿಗೆ ಎಷ್ಟು ಎಂದು ಬರೆದುಕೊಂಡದ್ದು. ಎರಡೂ ಬದಿಯ ಹೆಚ್ಚುವರಿ ಪ್ಲೇಟ್ ತೆಗೆಸಿದ್ದು. ಒಂದೇ ಬದಿ ತೆಗೆದರೆ ಗಾಡಿ ಓರೆ ನಿಲ್ಲುತ್ತದೆ. ಉಳಿದ ಪ್ಲೇಟ್‌ಗಳನ್ನು ಬಿಡಿಸಿ, ತುಕ್ಕು ಉಜ್ಜಿ, ಬಿರುಕು ನೋಡಿ, ಗ್ರೀಸ್ ಹಾಕಿ ಜೋಡಿಸಿದ್ದು. ಹೊಸ ಸೆಂಟರ್ ಬೋಲ್ಟ್, ಸರಿಯಾದ ಉದ್ದದ ಹೊಸ ಯು-ಬೋಲ್ಟ್, ಸವೆದ ಬುಷ್ ಬದಲು. ಹಳೆಯ ಯು-ಬೋಲ್ಟನ್ನೇ ಬಿಗಿದು ನೂರಿನ್ನೂರು ಉಳಿಸುವವರಿದ್ದಾರೆ. ಒಮ್ಮೆ ಎಳೆದು ಹಿಗ್ಗಿದ ಬೋಲ್ಟ್ ಮತ್ತೆ ಹಿಡಿತ ನಿಲ್ಲಿಸುವುದಿಲ್ಲ. ಅದು ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಜಾರುತ್ತದೆ. ಆಮೇಲೆ ಬ್ರೇಕ್ ವಾಲ್ವ್ ರಾಡ್, ಹೆಡ್‌ಲೈಟ್. ಕೊನೆಗೆ ಆರ್‌ಸಿಯ ತೂಕದಷ್ಟೇ ಲೋಡ್ ಹಾಕಿ, ವೇಬ್ರಿಡ್ಜ್‌ನಲ್ಲಿ ತೂಗಿ, ರಬ್ಬರ್ ಗಟ್ಟಿಗೂ ಆಕ್ಸಲ್‌ಗೂ ನಡುವೆ ಜಾಗ ಉಳಿದಿದೆಯೇ ಎಂದು ನೋಡಿದ್ದು. ಖರ್ಚಿನಲ್ಲಿ ದೊಡ್ಡ ಪಾಲು ಮಜೂರಿ, ಉಳಿದದ್ದು ಬೋಲ್ಟ್, ಬುಷ್.

ತೆಗೆದ ಪ್ಲೇಟ್ ಗುಜರಿಗೆ ಹೋಯಿತು. ಸಾರವಾಡದವರಿಗೆ ಇದೇ ಸಲಹೆ ಕೊಡುತ್ತೇನೆಯೇ ಎಂದು ಕೇಳಿದರೆ, ಪೂರ್ತಿ ಹೌದೆನ್ನಲಾರೆ. ಆ ಎರೆಮಣ್ಣಿನ ದಾರಿಗೆ ಎತ್ತರ ಬೇಕು, ಡೋಣಿ ತುಂಬಿ ಸೇತುವೆ ಮೇಲೆ ಕೆಸರು ಬಿಟ್ಟುಹೋದ ದಿನ ಇನ್ನೂ ಬೇಕು. ಅವರು ಕಡಿಮೆ ಮಾಡಬೇಕಾದದ್ದು ಪ್ರತಿ ಟ್ರಿಪ್ಪಿನ ಕ್ರೇಟ್ ಲೆಕ್ಕವನ್ನು. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳಲು ಆ ಕಡೆ ಹೋಗುವವರು ಇಂಜಿನ್ ಶಬ್ದ ಕೇಳುವ ಮೊದಲು ಒಂದು ಟಾರ್ಚ್ ಹಿಡಿದು ಅಡಿಗೆ ಬಗ್ಗಿ, 'ಅಣ್ಣಾರ, ಪಾಟಾ ಎಷ್ಟು ಅದಾವ್ರಿ?' ಎಂದು ಕೇಳಲಿ. ಹೆಚ್ಚಿಗೆ ಇದ್ದರೆ ಅದನ್ನು ತೆಗೆಸುವ ಖರ್ಚನ್ನು ಅಲ್ಲೇ ರೇಟಿನಲ್ಲಿ ಇಳಿಸಿಕೊಳ್ಳಬಹುದು. ಕೆಲಸ ಮಾಡಿಸಿದ ಮೇಲೆ ಮೊದಲ ಇನ್ನೂರು, ಮುನ್ನೂರು ಕಿಲೋಮೀಟರ್ ಓಡಿದ ಕೂಡಲೇ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಲು ಮರೆಯಬೇಡಿ. ವಿಜಯಪುರದಲ್ಲೇ ತೆಗೆಸಿ ಹೊರಟರೆ ಆ ಲೆಕ್ಕ ಘಾಟಿ ಇಳಿಯುವ ಮೊದಲೇ ಬರುತ್ತದೆ, ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸ್ಪ್ಯಾನರ್ ತೆಗೆಯಿರಿ.