ಅಂತರ್ಜಾಲದ ಮೇಲೆ ಸರಕಾರದ ಕಾವಲು

2012ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ರೈಲ್ವೆ ನಿಲ್ದಾಣದಲ್ಲಿ ಕಂಡ ದೃಶ್ಯವು ವಾಚಕರಲ್ಲಿ ಅನೇಕರ ಸ್ಮರಣೆಯಲ್ಲಿರಬಹುದು. ಈಶಾನ್ಯ ಸೀಮೆಯಿಂದ ಬಂದು ನಮ್ಮ ಹೋಟೆಲುಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುತ್ತಿದ್ದ ಸಹಸ್ರಾರು ತರುಣರು, ತಮ್ಮ ಮೇಲೆ ಹಲ್ಲೆ ನಡೆಯುವುದೆಂಬ ಸುಳ್ಳು ಸುದ್ದಿಗೆ ಬೆದರಿ, ಗಂಟುಮೂಟೆಗಳೊಡನೆ ಗುವಾಹಟಿಯ ಗಾಡಿಯನ್ನೇರಿದರು. ಆ ಸುದ್ದಿಗೆ ಕಾಲು ಕೊಟ್ಟವು ಮೊಬೈಲಿನ ಸಂದೇಶಗಳು ಮತ್ತು ಅಂತರ್ಜಾಲ. ಕೇಂದ್ರ ಸರಕಾರದವರು ಸಗಟು ಸಂದೇಶಗಳನ್ನು 15 ದಿನಗಳ ಮಟ್ಟಿಗೆ ತಡೆದರು. ಅದು ಯುಕ್ತವೇ ಆಗಿದ್ದಿತು. ಏಕೆಂದರೆ ಆಜ್ಞೆಯು ಬಹಿರಂಗವಾಗಿತ್ತು, ಅದಕ್ಕೊಂದು ಅವಧಿಯೂ ಇತ್ತು.

ಸರಕಾರವು ಈ ಕ್ಷೇತ್ರಕ್ಕೆ ಕೈಯಿಕ್ಕಲೇಬಾರದೆಂಬುವರ ಮಾತು ಹೀಗಾಗಿ ನಮಗೆ ಒಪ್ಪಿಗೆಯಾಗದು. ಆದರೆ ಕೈಯಿಕ್ಕುವ ಕ್ರಮವೆಂತಹುದು? ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ವೃತ್ತಪತ್ರಿಕೆಗಳ ಕಾಯಿದೆ ಬಂದಾಗ, ಅಧಿಕಾರಿಗಳ ಕೃಪೆಯಲ್ಲಿ ಪತ್ರಿಕೆ ನಡೆಸಲೊಲ್ಲದೆ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅಂದಿನ ನಷ್ಟ ಓದುಗರದು.

ಈಗಿನ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಪ್ರಕರಣವು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ಬರಹವನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕಾರಣಗಳನ್ನು ಬರೆದಿಡತಕ್ಕದ್ದೆಂದೂ ಅದರಲ್ಲಿ ವಿಧಿಯಿದೆ. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು 66ಎ ಪ್ರಕರಣವನ್ನು ರದ್ದುಗೊಳಿಸಿತಾದರೂ ಇದನ್ನು ಉಳಿಸಿತು. ತಡೆಯಾಜ್ಞೆಗಳನ್ನು ಪ್ರಶ್ನಿಸಿದ ಟ್ವಿಟರ್ ಸಂಸ್ಥೆಯ ಅರ್ಜಿಯನ್ನು ನಮ್ಮ ಉಚ್ಚ ನ್ಯಾಯಾಲಯವು 2023ರ ಜೂನ್ 30ರಂದು ವಜಾ ಮಾಡಿ, 50 ಲಕ್ಷ ರೂಪಾಯಿಗಳ ದಂಡವನ್ನೂ ವಿಧಿಸಿತು. ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆಯು ‘ಸಹಯೋಗ್’ ಎಂಬ ಸರಕಾರಿ ಜಾಲದ್ವಾರವನ್ನು ವಿರೋಧಿಸಿ ತಂದ ಅರ್ಜಿಯೂ 2025ರ ಸೆಪ್ಟೆಂಬರಿನಲ್ಲಿ ಬಿದ್ದುಹೋಯಿತು.

ಧನಬಲವುಳ್ಳ ವಿದೇಶೀ ಕಂಪನಿಗೆ ವಕೀಲರ ಕೊರತೆಯಿಲ್ಲ. ಅದರ ಚಿಂತೆ ನಮಗೆ ಬೇಡ. ನಮ್ಮ ಚಿಂತೆಯು ಬರೆದವರದು. 2009ರ ನಿಯಮಗಳಲ್ಲಿ 16ನೆಯದು, ಬಂದ ದೂರುಗಳನ್ನೂ ಕೈಗೊಂಡ ಕ್ರಮಗಳನ್ನೂ ಗುಟ್ಟಾಗಿಡಬೇಕೆನ್ನುತ್ತದೆ. ಹಗೆಯ ಗೂಢಚಾರನ ವಿಷಯದಲ್ಲಿ ಇದು ಸರಿಯಿರಬಹುದು. ಆದರೆ ಹೆಬ್ಬಾಳದ ಒಬ್ಬ ಗೃಹಿಣಿಯು ತನ್ನ ನೆರೆಯ ಕೆರೆಯ ದುಃಸ್ಥಿತಿಯನ್ನು ಬರೆದು, ಅದು ಯಾರದೋ ತಪ್ಪು ತಿಳಿವಳಿಕೆಯಿಂದ ಅಳಿಸಿಹೋಯಿತೆನ್ನೋಣ. ಅಳಿಸಿದವರಾರು, ಯಾವ ಕಾರಣಕ್ಕೆ ಎಂಬುದನ್ನು ಆಕೆಗೆ ಲಿಖಿತವಾಗಿ ತಿಳಿಸತಕ್ಕದ್ದು ಸರಕಾರದ ಕರ್ತವ್ಯ. ಹೆಬ್ಬಾಳದಿಂದ ಅಠಾರಾ ಕಛೇರಿಯು ದೂರವೇನಲ್ಲ. ಆದರೆ ಆಜ್ಞೆಯ ಪ್ರತಿಯೇ ಕೈಯಲ್ಲಿಲ್ಲದವಳು ಅಲ್ಲಿಗೆ ಹೋಗಿ ಏನನ್ನು ತಾನೇ ಪ್ರಶ್ನಿಸಿಯಾಳು?