ಲೋಹದ ನೊರೆ

ನೀರಿನಲ್ಲಿ ತೇಲುವ ಲೋಹದ ಹಲಗೆಯೊಂದುಂಟೆಂದರೆ ನಮ್ಮ ವಾಚಕರಲ್ಲಿ ಅನೇಕರು ನಗಬಹುದು. ಆದರೆ ಅಲ್ಯೂಮಿನಿಯಮನ್ನು ಕರಗಿಸಿ, ಅದರೊಳಗೆ ಅಸಂಖ್ಯಾತವಾದ ಗುಳ್ಳೆಗಳನ್ನೆಬ್ಬಿಸಿ, ಅವು ಒಡೆಯುವುದಕ್ಕೆ ಮುಂಚೆಯೇ ಆರಿಸಿ ಗಟ್ಟಿಮಾಡಿದರೆ ದೊರೆಯುವ ಪದಾರ್ಥವು ನಿಜವಾಗಿಯೂ ಬೆಂಡಿನಂತೆ ತೇಲುವುದು. ಒಂದು ಘನ ಸೆಂಟಿಮೀಟರು ಗಟ್ಟಿ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ನೊರೆಯು ಸಾಮಾನ್ಯವಾಗಿ 0.2ರಿಂದ 0.5 ಗ್ರಾಂ ಮಾತ್ರ ತೂಗುವುದು. ಕತ್ತರಿಸಿ ನೋಡಿದರೆ ಚೆನ್ನಾಗಿ ಉಬ್ಬಿದ ಇಡ್ಲಿಯ ಒಳಭಾಗವೇ ನೆನಪಿಗೆ ಬರುವುದು.

ಈ ಹೋಲಿಕೆಯು ರೂಪಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಹಿಟ್ಟು ನೀರಾದರೆ ಹುದುಗಿನ ಗುಳ್ಳೆಗಳು ನಿಲ್ಲವೆಂಬುದನ್ನು ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ. ಕರಗಿದ ಲೋಹದ ತೊಡಕೂ ಇದೇ. ಗುಳ್ಳೆಗಳ ನಡುವಣ ಗೋಡೆಯಿಂದ ದ್ರವವು ತನ್ನ ಭಾರದಿಂದಲೇ ಕೆಳಕ್ಕಿಳಿಯುವುದು. ಗೋಡೆಯು ತೆಳುವಾಗಿ ಹರಿಯುವುದು. ಎರಡು ಗುಳ್ಳೆಗಳು ಒಂದಾಗುವುವು. ಆದಕಾರಣ ಮೊದಲು ಲೋಹವನ್ನು ಮಂದಮಾಡಬೇಕು.

1948ರಲ್ಲಿ ಅಮೆರಿಕೆಯ ಬೆಂಜಮಿನ್ ಸೋಸ್ನಿಕ್ ಎಂಬವರು ಪಡೆದ ಪೇಟೆಂಟಿನ ಕ್ರಮವೇ ಬೇರೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡಕ್ಕೊಳಪಡಿಸಿ ಅಲ್ಯೂಮಿನಿಯಮಿನೊಡನೆ ಪಾದರಸವನ್ನು ಕಾಯಿಸಿ, ಒತ್ತಡವನ್ನು ಸಡಿಲಿಸಿದರೆ ಪಾದರಸವು ಆವಿಯಾಗಿ ಲೋಹವನ್ನು ಉಬ್ಬಿಸುವುದು. ಆ ಆವಿಯಾದರೋ ಘೋರವಾದ ವಿಷ. ಕಾರ್ಖಾನೆಗಳು ಈ ದಾರಿಯನ್ನು ಹಿಡಿಯದೆ ಹೋದುದು ನಮಗೇನೂ ಆಶ್ಚರ್ಯವಲ್ಲ.

1980ರ ದಶಕದಲ್ಲಿ ಜಪಾನಿನವರು ಬಳಕೆಗೆ ತಂದ ವಿಧಾನವು ಹೆಚ್ಚು ಜಾಣತನದ್ದು. ಸುಮಾರು 680 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದ ಅಲ್ಯೂಮಿನಿಯಮಿಗೆ ನೂರಕ್ಕೆ ಒಂದೂವರೆ ಪಾಲಿನಷ್ಟು ಕ್ಯಾಲ್ಸಿಯಂ ಬೆರೆಸಿ, ಗಾಳಿಯಾಡುವಂತೆ ಕೆಲವು ನಿಮಿಷ ಕಲಕುವರು. ಆಗ ಹುಟ್ಟುವ ಆಕ್ಸೈಡಿನ ಸಣ್ಣ ಕಣಗಳಿಂದ ದ್ರವವು ಅಂಬಲಿಯಂತೆ ಮಂದವಾಗುವುದು. ಬಳಿಕ ಸುಮಾರು ಅಷ್ಟೇ ಪ್ರಮಾಣದ ಟೈಟೇನಿಯಂ ಹೈಡ್ರೈಡಿನ ಪುಡಿ. ಇದು ಶಾಖಕ್ಕೆ ಒಡೆದು ಜಲಜನಕವನ್ನು ಬಿಡುವುದು. ಲೋಹವು ಅಚ್ಚಿನ ತುಂಬ ಉಬ್ಬುವುದು. ಬೀಸಣಿಗೆ ಯಂತ್ರಗಳು ಅದನ್ನು ತಣಿಸುವುವು. ಪುಡಿಯು ಬಿದ್ದೊಡನೆಯೇ ಅನಿಲವೇಳಲಾರಂಭಿಸುವುದರಿಂದ ತ್ವರೆಯಾಗಿ ಬೆರೆಸದಿದ್ದರೆ ಒಂದು ಕಡೆ ದೊಡ್ಡ ಗುಳ್ಳೆ, ಇನ್ನೊಂದು ಕಡೆ ಗಟ್ಟಿಯ ಗಂಟು ಉಳಿಯುವುವು. ಜರ್ಮನಿಯಲ್ಲಿ ಅಲ್ಯೂಮಿನಿಯಂ ಪುಡಿಯನ್ನೂ ಹೈಡ್ರೈಡನ್ನೂ ಕೂಡಿಸಿ ಒತ್ತಿ, ಅನಂತರ ಕಾಯಿಸುವ ಕ್ರಮವೂ ಉಂಟು.

ಇಷ್ಟು ಶ್ರಮಪಟ್ಟು ಪಡೆದುದು ಬಲವಾದ ವಸ್ತುವೇ ಎಂದು ಕೇಳಿದರೆ, ಅಲ್ಲವೆನ್ನಬೇಕಾಗುವುದು. ತೂಕವು ಹತ್ತನೆಯ ಒಂದು ಪಾಲಿಗಿಳಿದರೆ ಬಿಗಿತನವು ಸುಮಾರಾಗಿ ನೂರನೆಯ ಒಂದು ಪಾಲಿಗಿಳಿಯುವುದು. ಆದರೆ ಅದೇ ತೂಕದ ಲೋಹದಿಂದ ಹತ್ತು ಪಟ್ಟು ದಪ್ಪದ ಹಲಗೆಯಾಗುವುದು. ಬಾಗುವಿಕೆಗೆ ದಪ್ಪದ ಘನವೇ ಲೆಕ್ಕವಾದುದರಿಂದ ಸಾವಿರವನ್ನು ನೂರರಿಂದ ಭಾಗಿಸಬೇಕು. ಹೀಗೆ ತೂಕದಲ್ಲಿ ಸಮನಾದ ತಗಡಿಗಿಂತ ಈ ಹಲಗೆಯು ಲೆಕ್ಕದ ಮಟ್ಟಿಗೆ ಹತ್ತು ಪಟ್ಟು ಬಿಗಿಯಾಗಿರುವುದು. ಎಳೆತಕ್ಕೆ ಮಾತ್ರ ಇದನ್ನು ಒಡ್ಡಬಾರದು, ಬೇಗನೆ ಹರಿದುಹೋಗುವುದು.

ಇದರ ನಿಜವಾದ ಗುಣವು ನುಜ್ಜಾಗುವುದರಲ್ಲಿದೆ! ಒತ್ತಿದಾಗ ಒಂದು ಸಾಲಿನ ಗುಳ್ಳೆಗಳು ಕುಸಿಯುವುವು, ಆಮೇಲೆ ಇನ್ನೊಂದು ಸಾಲು. ದಪ್ಪವು ಅರ್ಧಕ್ಕಿಳಿಯುವವರೆಗೂ ಬೇಕಾಗುವ ಒತ್ತಡವು ಹೆಚ್ಚುಕಡಿಮೆ ಒಂದೇ ಸಮನಾಗಿರುವುದು. ವಾಹನವು ಗೋಡೆಗೆ ಬಡಿದಾಗ ವೇಗವು ಕ್ಷಣಮಾತ್ರದಲ್ಲಿ ನಿಂತುಹೋಗುವುದರಿಂದಲೇ ಒಳಗಿರುವವರಿಗೆ ಪ್ರಾಣಾಪಾಯ. ಮುಂಭಾಗದಲ್ಲಿ ಈ ನೊರೆಯಿದ್ದರೆ ಆ ಪೆಟ್ಟಿನ ಶಕ್ತಿಯನ್ನು ಅದು ಸ್ವಲ್ಪಸ್ವಲ್ಪವಾಗಿ ನುಂಗುವುದು. ಗುಳ್ಳೆಗಳೆಲ್ಲ ಚಪ್ಪಟೆಯಾದ ಮೇಲೆ ಅದೂ ಗಟ್ಟಿ ಲೋಹವೇ. ಆಗ ಒತ್ತಡವು ಒಮ್ಮೆಲೇ ಏರುವುದು. ಆದುದರಿಂದ ಎಷ್ಟು ದಪ್ಪ, ಎಷ್ಟು ಹಗುರ ಎಂಬುದನ್ನು ಮೊದಲೇ ಗುಣಿಸಿಡಬೇಕು.

ಬೆಲೆಯು ತಗಡಿಗಿಂತ ಹೆಚ್ಚಾಗಿರುವುದರಿಂದ ಸಾಮಾನ್ಯ ಮೋಟಾರುಗಾಡಿಗಳಿಗೆ ಇದು ಇನ್ನೂ ದೂರವೇ. ಜಪಾನಿನಲ್ಲಾದರೋ ರಸ್ತೆಯ ಗದ್ದಲವನ್ನು ಹೀರುವುದಕ್ಕೆ ಇದರ ಹಲಗೆಗಳನ್ನು ಹಾಕಿರುವರು. ಅದಕ್ಕಾಗಿ ಅಷ್ಟು ಕಷ್ಟದಿಂದ ಉಳಿಸಿಕೊಂಡ ಗುಳ್ಳೆಗಳ ಗೋಡೆಗಳನ್ನು, ಶಬ್ದವು ಒಳಹೊಗಲೆಂದು, ಉರುಳೆಗಳ ನಡುವೆ ಹಾಯಿಸಿ ಬಿರುಕುಬಿಡಿಸುವರು.