ಮನೆಯಲ್ಲೇ ಕಟ್ಟುವ ವಿಮಾನಕ್ಕೆ ಅಗ್ಗದ ಎಂಜಿನ್ ಯಾವುದು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಸೇಡಂ ತಾಲೂಕಿನ ಆದಿತ್ಯನಗರದಿಂದ ಮಾತಾಡ್ತಾ ಇದ್ದೀನಿ.

ಹೋದ ವಾರ ವಾಡಿಯಿಂದ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ಒಬ್ಬನೇ ಕೂಡುವಂಥ ಸಣ್ಣ ವಿಮಾನ ಕಟ್ಟಾಕತ್ತೀನಿ. ಗುಜರಿಯಾಗ ಮಾರುತಿ 800 ಎಂಜಿನ್ ಸಿಕ್ಕದ, ಭಾಳ ಸೋವಿ. ತಗೊಳ್ಲೇನು?" ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಆದ್ರೆ "ಸೋವಿ" ಅನ್ನೋ ಪದ ಕೇಳಿದ್ರೆ ಲೆಕ್ಕ ಹಾಕದೆ ಬಿಡೋನಲ್ಲ. ಇವತ್ತು ಆ ಲೆಕ್ಕವನ್ನೇ ಮಾಡೋಣ.

ಮೊದಲು ಪ್ರೊಪೆಲ್ಲರ್‌ನಿಂದ ಶುರು ಮಾಡೋಣ. ಯಾಕಂದ್ರೆ ವಿಮಾನವನ್ನು ಎಳೆಯುವುದು ಅದು, ಎಂಜಿನ್ ಅದನ್ನು ತಿರುಗಿಸುತ್ತದೆ ಅಷ್ಟೇ. ಮಾರುತಿ 800 ಎಂಜಿನ್ 796 ಸಿಸಿಯದು. ಹಳೇ ಕಾರ್ಬ್ಯುರೇಟರ್ ಮಾದರಿ ಕೊಡೋದು 40 ಅಶ್ವಶಕ್ತಿಗಿಂತ ಕಡಿಮೆ, ಅದೂ ನಿಮಿಷಕ್ಕೆ ಸುಮಾರು 5500 ಸುತ್ತು ತಿರುಗಿದಾಗ. ಆ ಶಾಫ್ಟಿಗೆ ನೇರವಾಗಿ 5 ಅಡಿ ಪ್ರೊಪೆಲ್ಲರ್ ಕೂಡಿಸಿದರೆ ಅದರ ತುದಿಯ ವೇಗ ಸೆಕೆಂಡಿಗೆ ಸುಮಾರು 440 ಮೀಟರ್. ನಮ್ಮ ಬೇಸಿಗೆಯ ಗಾಳಿಯಲ್ಲಿ ಶಬ್ದದ ವೇಗ ಸುಮಾರು 355 ಮೀಟರ್. ತುದಿ ಶಬ್ದವನ್ನು ಮೀರಿತು ಅಂದ್ರೆ ಕಿವಿ ಕಿತ್ತುಹೋಗೋ ಸದ್ದು ಬರ್ತದೆ, ಎಳೆಯುವ ಬಲ ಬರಲ್ಲ.

ಅದಕ್ಕೇ ನಡುವೆ ಗೇರ್‌ಬಾಕ್ಸ್ ಬೇಕು. ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಕಿಲ್ನ್ ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗ್ತದೆ, ಅದರ ಮೋಟರ್ ನೂರಾರು ಸುತ್ತು. ನಡುವೆ ಗೇರ್‌ಬಾಕ್ಸ್ ಇಲ್ಲದಿದ್ರೆ ಕೆಲಸ ಆಗಲ್ಲ. ಆಸ್ಟ್ರಿಯಾದ ರೋಟ್ಯಾಕ್ಸ್ 912 ಎಂಜಿನ್ ಹೀಗೇ. 100 ಅಶ್ವಶಕ್ತಿಯ ಮಾದರಿ 5800 ಸುತ್ತು ತಿರುಗಿದ್ರೆ, 2.43ಕ್ಕೆ 1ರ ಗೇರ್ ಅದನ್ನು ಸುಮಾರು 2390ಕ್ಕೆ ಇಳಿಸ್ತದೆ. ಜಬಿರು 2200, ಕಾಂಟಿನೆಂಟಲ್ ಒ-200 ಇವುಗಳಿಗೆ ಗೇರ್ ಇಲ್ಲ, ಎಂಜಿನ್ನೇ ನಿಧಾನ ತಿರುಗ್ತದೆ.

ಕಾರಿನ ಎಂಜಿನ್‌ಗೆ ಹೊರಗಿನಿಂದ ಬೆಲ್ಟ್ ಇಲ್ಲವೇ ಗೇರ್ ಹಾಕಬಹುದಲ್ಲ? ಹಾಕಬಹುದು, ಹಾಕಿದವರೂ ಇದ್ದಾರೆ. ಆದ್ರೆ ಅಲ್ಲಿಂದ ಖರ್ಚು ಬೆಳೀತಾ ಹೋಗ್ತದೆ. ಕಂಪನ ಸರಿಹೊಂದದಿದ್ರೆ ಶಾಫ್ಟ್ ಮುರೀತದೆ. ರೇಡಿಯೇಟರ್, ನೀರು ಸೇರಿ ತೂಕ ಏರ್ತದೆ. ಕಾರು ರಸ್ತೆ ಮೇಲೆ ಪೂರ್ತಿ ಶಕ್ತಿ ಬಳಸೋದು ಅಪರೂಪ. ವಿಮಾನ ಏರುವಾಗ ಪೂರ್ತಿ ಶಕ್ತಿ ಕೇಳ್ತದೆ, ಆಮೇಲೂ ಗಂಟೆಗಟ್ಟಲೆ ಮುಕ್ಕಾಲು ಭಾಗ ಕೇಳ್ತದೆ. ವಿಮಾನದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇಗ್ನಿಷನ್ ಎರಡಿರ್ತದೆ, ಒಂದು ಕೈಕೊಟ್ರೆ ಇನ್ನೊಂದು. ಕಾರಿಗೆ ಒಂದೇ. ರಸ್ತೆಯಲ್ಲಿ ಎಂಜಿನ್ ನಿಂತ್ರೆ ಪಕ್ಕಕ್ಕೆ ತಳ್ಳಬಹುದು, ಮೇಲೆ ತಳ್ಳೋರು ಯಾರ್ರಿ?

ಇನ್ನು ರೊಕ್ಕದ ಲೆಕ್ಕ. ಬೆಲೆಗಳು ಉದಾಹರಣೆಗೆ ಮಾತ್ರ. ಟೂ-ಸ್ಟ್ರೋಕ್ ರೋಟ್ಯಾಕ್ಸ್ 582ನ್ನು 300 ಗಂಟೆಗೊಮ್ಮೆ ಪೂರ್ತಿ ಬಿಚ್ಚಿ ಕಟ್ಟಬೇಕು. ಅದಕ್ಕೆ 3 ಲಕ್ಷ ಅಂದ್ಕೊಳ್ಳಿ, ಗಂಟೆಗೆ 1000 ರೂಪಾಯಿ. ಈಗಿನ 912ಕ್ಕೆ ಆ ಮಿತಿ 2000 ಗಂಟೆ. 16 ಲಕ್ಷ ಅಂದ್ಕೊಂಡ್ರೆ ಗಂಟೆಗೆ 800. ದುಬಾರಿಯದೇ ಸೋವಿ ಆಯ್ತಲ್ಲ! ತಡೀರಿ. ಆ ಮಿತಿ 2000 ಗಂಟೆ ಇಲ್ಲವೇ 15 ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ 50 ಗಂಟೆ ಹಾರಿಸೋರು 15 ವರ್ಷದಲ್ಲಿ ಮುಟ್ಟೋದು 750 ಗಂಟೆ. ಆಗ ಗಂಟೆಗೆ 2100 ದಾಟ್ತದೆ. ಹಾಗಾಗಿ ನೀವು ನಿಜವಾಗಿ ಎಷ್ಟು ಹಾರ್ತೀರಿ ಅನ್ನೋದು ಗೊತ್ತಿಲ್ಲದೆ "ಅಗ್ಗ" ಅನ್ನೋ ಮಾತಿಗೆ ಅರ್ಥವಿಲ್ಲ.

ಟೂ-ಸ್ಟ್ರೋಕ್ ಹೆಚ್ಚು ಪೆಟ್ರೋಲ್ ಕುಡೀತದೆ, ಬಿಸಿ ಹೆಚ್ಚಾಗಿಯೋ ಎಣ್ಣೆ ಕಡಿಮೆಯಾಗಿಯೋ ಜಾಮ್ ಆದ್ರೆ ಮುನ್ಸೂಚನೆ ಕೊಡೋದು ಕಡಿಮೆ. ಹಗುರಾದ, ನಿಧಾನ ಹಾರುವ ವಿಮಾನದಲ್ಲಿ ಮಾತ್ರ ಆ ಅಪಾಯ ಸಹಿಸಬಹುದು. ಯಾಕಂದ್ರೆ ಕಟಾವಾದ ತೊಗರಿ ಹೊಲದಲ್ಲಿ ಇಳಿಸೋ ಆಸೆ ಇರ್ತದೆ. ಮಳೆಗಾಲದ ಎರೆಭೂಮಿಯಲ್ಲಿ ಚಕ್ರ ಹೂತು ವಿಮಾನ ಮಗುಚಬಹುದು. ಶಹಾಬಾದ್ ಕಡೆ ಕಲ್ಲಿನ ಗಣಿಗಳ ಮೇಲೆ ಆ ಆಸೆಯೂ ಇಲ್ಲ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡೀರಿ. ಸಮುದ್ರಮಟ್ಟದಿಂದ 400 ಮೀಟರ್ ಎತ್ತರ, 42 ಡಿಗ್ರಿ ಬಿಸಿಲು ಇದ್ರೆ ಗಾಳಿ ಸಮುದ್ರಮಟ್ಟದ ಪ್ರಮಾಣಿತ ಗಾಳಿಗಿಂತ ಸುಮಾರು ಶೇ. 13 ತೆಳು. 80 ಅಶ್ವಶಕ್ತಿಯ ಎಂಜಿನ್ 70ರ ಆಸುಪಾಸಿಗೆ ಇಳೀತದೆ. ರೆಕ್ಕೆ, ಪ್ರೊಪೆಲ್ಲರ್ ಎರಡರ ಬಲವೂ ಕುಗ್ಗುತ್ತದೆ. ಇಂಧನದ್ದು ಇನ್ನೊಂದು ತೊಡಕು. ಈಗ ಬಂಕ್‌ಗಳಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ರೋಟ್ಯಾಕ್ಸ್ 912ಕ್ಕೆ ಒಪ್ಪಿಗೆ ಇರೋದು ಶೇ. 10ರವರೆಗೆ. ಎಂಜಿನ್ ಕೊಳ್ಳೋ ಮುಂಚೆ ಇಂಧನ ಎಲ್ಲಿಂದ ತರ್ತೀರಿ ಅಂತ ಬರೆದಿಡಿ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಪಾಠ ಇದೆ. ಬೆಂಗಳೂರಿನ ಎನ್‌ಎಎಲ್ ಕಟ್ಟಿದ ಎರಡು ಸೀಟಿನ ಹಂಸ 1993ರಲ್ಲಿ ಮೊದಲು ಹಾರಿದಾಗ ಇದ್ದದ್ದು ಕಾಂಟಿನೆಂಟಲ್ ಎಂಜಿನ್. ಮುಂದೆ ಹಂಸ-3ಕ್ಕೆ ಹಗುರಾದ ರೋಟ್ಯಾಕ್ಸ್ 914 ಬಂತು, 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿತು. 2021ರ ಸೆಪ್ಟೆಂಬರ್ 3ರಂದು ಹಾರಿದ ಹಂಸ-ಎನ್‌ಜಿಯಲ್ಲಿ ಇದ್ದದ್ದು 912 ಸರಣಿಯ ಎಂಜಿನ್. ದೊಡ್ಡ ಸಂಸ್ಥೆಯೇ ತೂಕ ನೋಡಿ ಎಂಜಿನ್ ಬದಲಿಸಿದೆ ಅಂದ್ಮೇಲೆ, ನಾವು ಗುಜರಿ ಬೆಲೆ ನೋಡಿ ಆರಿಸೋದು ಹೆಂಗೆ?

ಪ್ರೊಪೆಲ್ಲರ್ ಕೊಳ್ಳುವಾಗ ಪಿಚ್ ನೋಡಬೇಕು, ಅಂದ್ರೆ ಎಲೆಯ ಓರೆ. ಓರೆ ಹೆಚ್ಚಾದ್ರೆ ನಾಲ್ಕನೇ ಗೇರ್‌ನಲ್ಲಿ ಬೈಕ್ ಏರು ಹತ್ತಿಸಿದಂಗ, ಎಂಜಿನ್ ಏದುಸಿರು ಬಿಡ್ತದೆ. ಕಡಿಮೆಯಾದ್ರೆ ಎಂಜಿನ್ ಕಿರುಚ್ತದೆ, ವಿಮಾನ ಓಡಲ್ಲ. ಕಟ್ಟಿಗೆಯ ಪ್ರೊಪೆಲ್ಲರ್ ಸೋವಿ, ಆದ್ರೆ ಓರೆ ಬದಲಿಸೋಕಾಗಲ್ಲ. ನೆಲದ ಮೇಲೆ ನಿಲ್ಲಿಸಿ ಬೋಲ್ಟ್ ಸಡಿಲಿಸಿ ಓರೆ ಬದಲಿಸುವಂಥದ್ದು ಮೊದಲ ಸಲ ಕಟ್ಟೋರಿಗೆ ಸರಿ. ತಪ್ಪಾದ್ರೆ ಇನ್ನೊಂದು ಕೊಳ್ಳಬೇಕಿಲ್ಲ. ಹಾರುವಾಗಲೇ ಓರೆ ಬದಲಿಸುವಂಥದ್ದು ದುಬಾರಿ, ತೂಕವೂ ಹೆಚ್ಚು.

ವಾಡಿಯ ತಮ್ಮಾ, ನನ್ನ ಉತ್ತರ ಇಷ್ಟು. ಆ ಎಂಜಿನ್‌ಗೆ ಈಗಲೇ ಮುಂಗಡ ಕೊಡಬ್ಯಾಡ. ಮೊದಲು ಹಾಳೆ ಮೇಲೆ ಮೂರು ಅಂಕಿ ಬರಿ: ನಿನ್ನನ್ನೂ ಇಂಧನವನ್ನೂ ಸೇರಿಸಿ ಒಟ್ಟು ತೂಕ, ನೆಲಕ್ಕೆ ತಾಗದಂಗ ಹಿಡಿಸೋ ಪ್ರೊಪೆಲ್ಲರ್ ಅಳತೆ, ವರ್ಷಕ್ಕೆ ಹಾರಿಸೋ ಗಂಟೆ. ಆ ಹಾಳೆ ಹಿಡ್ಕೊಂಡು ಲೈಸೆನ್ಸ್ ಇರೋ ವಿಮಾನ ಎಂಜಿನಿಯರ್ ಒಬ್ಬರನ್ನ ಕಾಣು. ಡಿಜಿಸಿಎ ನೋಂದಣಿ, ಹಾರಾಟದ ಅನುಮತಿ ಇಲ್ಲದೆ ನೆಲ ಬಿಡೋ ಹಂಗಿಲ್ಲ, ನೆನಪಿರ್ಲಿ. ಮಾರುತಿ ಎಂಜಿನ್ ಬೇಕೇ ಬೇಕಂದ್ರೆ ತಗೋ, ಬಿಚ್ಚಿ ಕಲಿ. ಅದಕ್ಕಿಂತ ಒಳ್ಳೇ ಪಾಠ ಇಲ್ಲ. ಅದನ್ನ ನಂಬಿ ಮೇಲೆ ಮಾತ್ರ ಹೋಗಬ್ಯಾಡ.